ಒಳಗೆ ಬಂದ ಕೆಂಪು ಸಿಲಿಂಡರ್

ನನ್ನ ಗಂಡ ಅರಿವಳಿಕೆ ಡಾಕ್ಟರು. ಆಸ್ಪತ್ರೆಯಲ್ಲಿ ದಿನವಿಡೀ ಗ್ಯಾಸಿನ ಜೊತೆಗೇ ಕೆಲಸ. ಹಾಗಾಗಿ ಮನೆಗೆ ಗ್ಯಾಸ್ ಹೀಟರ್ ಹಾಕಲು ಯಾರನ್ನಾದರೂ ಕರೆಸೋಣ ಎಂದು ನಾನು ಹೇಳಿದ್ದು ಅವರಿಗೆ ಅವಮಾನದಂತೆ ಕೇಳಿಸಿತು. “ಮನುಷ್ಯರ ಮೂಗಿಗೇ ಗ್ಯಾಸ್ ಹಿಡಿಯೋನು ನಾನು. ಒಂದು ಗೋಡೆಗೆ ಪೈಪ್ ಹಾಕೋಕೆ ಬರಲ್ವಾ ನಂಗೆ?” ಎಂದರು. ಮೈಸೂರಿನವರ ಹಟ ನಯವಾಗಿರುತ್ತದೆ, ಆದರೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ನಾನೂ ಅದೇ ಊರಿನವಳು, ನನಗೆ ಗೊತ್ತು.

ಅದು ತೊಂಬತ್ತರ ದಶಕದ ಒಂದು ಚಳಿಗಾಲ. ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿದ್ದ ನಮ್ಮ ಮನೆಯ ಹಿಂದೆ, ಮೊದಲಿದ್ದ ಮಾಲೀಕರು ಸೇರಿಸಿ ಕಟ್ಟಿದ್ದ ಒಂದು ಕೋಣೆಯಿತ್ತು. ಅದಕ್ಕೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಇರಲಿಲ್ಲ, ಆ ನೀರು ಕಾಯಿಸುವ ಹಳೆಯ ಬಾಯ್ಲರಿಗೆ ಇನ್ನೊಂದನ್ನು ತಾಳುವ ಶಕ್ತಿಯೂ ಇರಲಿಲ್ಲ. ಮೊದಲ ಸಲ ಲಂಡನ್ನಿಗೆ ಬರುವವರಿದ್ದ ನಮ್ಮತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಆ ಕೋಣೆ ಬೆಚ್ಚಗಾದರೆ ಮಾತ್ರ ಅವರು ನಮ್ಮ ಜೊತೆ ಇರುವುದು ಸಾಧ್ಯವಿತ್ತು.

ಲೈಬ್ರರಿಯಿಂದ ಪುಸ್ತಕ ತಂದು, ರಜೆಯ ದಿನಗಳಲ್ಲಿ ಗೋಡೆ ಕೊರೆದು, ತಾಮ್ರದ ಪೈಪ್ ಎಳೆದು ನನ್ನ ಗಂಡನೇ ಹೀಟರ್ ಕೂರಿಸಿದರು. ನನ್ನ ಸೊಂಟದೆತ್ತರದ ಕೆಂಪು ಪ್ರೊಪೇನ್ ಸಿಲಿಂಡರನ್ನು ಹೊರಗೆ ಗೋಡೆಗೊರಗಿಸಿ ನಿಲ್ಲಿಸಿದರು. ಇದನ್ನು ಯಾವ ಕಾರಣಕ್ಕೂ ಮನೆಯೊಳಗೆ ಇಡಬಾರದು ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಪೈಪು ಸಿಲಿಂಡರಿಗೆ ಸೇರುವ ನಟ್ಟನ್ನು ಸ್ಪ್ಯಾನರಿನಿಂದ ಬಿಗಿದು, ಸೋಪಿನ ನೊರೆ ಹಚ್ಚಿ, ಗ್ಯಾಸ್ ಸೋರಿ ಗುಳ್ಳೆ ಏಳುವುದಿಲ್ಲ ಎಂದು ನನ್ನನ್ನೂ ಕರೆದು ತೋರಿಸಿದರು. ನೀಲಿ ಉರಿ ಹತ್ತಿದಾಗ ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಅತ್ತೆ ಬಂದರು, ಬೆಚ್ಚಗಿನ ಕೋಣೆ ನೋಡಿ ಸಂತೋಷಪಟ್ಟರು. ಆಮೇಲೆ ಕಿಟಕಿಯಿಂದ ಹೊರಗೆ ಇಣುಕಿದರು.

“ಸಿಲಿಂಡರ್‌ನ ಯಾರಾದ್ರೂ ಹೊರಗಡೆ ನಿಲ್ಲಿಸ್ತಾರೇನೋ? ಬೆಳಗಾಗೋದ್ರೊಳಗೆ ಹೊತ್ಕೊಂಡು ಹೋಗ್ತಾರೆ.”

“ಇಲ್ಲಿ ಯಾರೂ ಕದಿಯಲ್ಲಮ್ಮ.”

“ಎಲ್ಲಾ ಊರಲ್ಲೂ ಕಳ್ಳರು ಕಳ್ಳರೇ ಕಣೋ.”

ಅವರ ಮಾತಿಗೆ ನಗುವಂತಿರಲಿಲ್ಲ. ಮೈಸೂರಿನ ಅವರ ಮನೆಗೆ ಗ್ಯಾಸ್ ಕನೆಕ್ಷನ್ ಸಿಗಲು ವರ್ಷಗಟ್ಟಲೆ ಕಾದಿದ್ದರಂತೆ. ಆಯುಧಪೂಜೆಗೆ ಸಿಲಿಂಡರಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅದರ ಜಾಗ ಒಲೆಯ ಪಕ್ಕ, ಮನೆಯೊಳಗೆ. ಅತ್ತೆಗೆ ನಿದ್ದೆಯೇ ಹತ್ತಲಿಲ್ಲ, ಸಣ್ಣ ಸದ್ದಾದರೂ ಎದ್ದು ಕಿಟಕಿಗೆ ಬರುತ್ತಿದ್ದರು. ಕೊನೆಗೆ ಒಂದು ದಿನ ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಅವಸರದಲ್ಲೇ, ಇವರು ಸಿಲಿಂಡರನ್ನು ಪೈಪಿನಿಂದ ಬಿಚ್ಚಿ, ಉರುಳಿಸಿಕೊಂಡು ಒಳಗೆ ಅತ್ತೆಯ ಕೋಣೆಗೆ ತಂದರು. ಅಂಗಡಿಯವನು ಏನು ಹೇಳಿದ್ದ ಎಂದು ನಾನು ನೆನಪಿಸಿದೆ.

“ನಮ್ಮೂರಲ್ಲಿ ಎಲ್ಲರ ಮನೇಲೂ ಒಳಗೇ ಇದೆಯಲ್ಲ, ಯಾರ ಮನೆ ಹಾರಿಹೋಗಿದೆ ಹೇಳು?” ಎಂದರು. ನನ್ನ ತವರಿನಲ್ಲೂ ಒಳಗೇ ಇತ್ತು. ಊರಿನಲ್ಲಿ ರೆಗ್ಯುಲೇಟರ್ ಕೂರಿಸುವಂತೆ ಇಲ್ಲೂ ನಟ್ಟನ್ನು ಕೈಯಲ್ಲೇ ತಿರುಗಿಸಿ ಹೊರಟುಹೋದರು. ಸ್ಪ್ಯಾನರ್ ಮುಟ್ಟಲಿಲ್ಲ, ನೊರೆ ಹಚ್ಚಿ ನೋಡಲಿಲ್ಲ.

ಆ ದಿನ ಮಧ್ಯಾಹ್ನ, ಗ್ಯಾಸ್ ಸುಮ್ಮನೆ ಖರ್ಚಾಗುತ್ತದೆಂದು ಅತ್ತೆ ಹೀಟರ್ ಆರಿಸಿ, ಬಿಸಿ ಹೊರಗೆ ಹೋಗದಿರಲೆಂದು ಬಾಗಿಲು ಹಾಕಿಕೊಂಡಿದ್ದರು. ಸಿಲಿಂಡರಿನ ಮೇಲಿನ ತಿರುಪು ತೆರೆದೇ ಇತ್ತು. ಇಲ್ಲಿಯ ಚಳಿಗಾಲದಲ್ಲಿ ಕಾಫಿಯ ಹೊತ್ತಿಗೇ ಕತ್ತಲು. ನೈವೇದ್ಯಕ್ಕೆ ಹಾಲು ಹಿಡಿದು ನಾನು ಹೋದಾಗ ಅತ್ತೆ ಮಡಿಯುಟ್ಟು, ನೆಲದಲ್ಲಿ ಮಣೆಯ ಮೇಲೆ ಕೂತಿದ್ದರು. ಎದುರಿಗೆ ಎಣ್ಣೆ ಹಾಕಿದ ದೀಪ. ನಿಂತಿದ್ದ ನನಗೆ ಏನೂ ಗೊತ್ತಾಗಲಿಲ್ಲ. ಲೋಟ ಕೆಳಗಿಡಲು ಬಗ್ಗಿದೆ, ಗ್ಯಾಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಲೆಯೆತ್ತಿದರೆ ಅತ್ತೆಯ ಕೈಯಲ್ಲಿ ಕಡ್ಡಿ, ಪೆಟ್ಟಿಗೆಯ ಬದಿಗೆ ತಾಗಿಸಿದ್ದರು, ಗೀರುವುದೊಂದೇ ಬಾಕಿ.

ಅವರ ಕೈಗೆ ಬಲವಾಗಿ ಹೊಡೆದೆ. ಕಡ್ಡಿಗಳೆಲ್ಲ ಚೆಲ್ಲಿದವು.

“ಮುಟ್ಟಿಬಿಟ್ಯಲ್ಲೇ, ಮಡೀಲಿದೀನಿ” ಎಂದರು ಅತ್ತೆ, ದಿಗ್ಭ್ರಮೆಯಿಂದ.

ಕಂಕುಳಿಗೆ ಕೈಹಾಕಿ ಎತ್ತಿ, ಬರಿಗಾಲಲ್ಲೇ ಹಿತ್ತಿಲಿಗೆ ಎಳೆದುಕೊಂಡು ಹೋದೆ. ಮತ್ತೆ ಉಸಿರು ಬಿಗಿಹಿಡಿದು ಒಳಗೆ ಹೋಗಿ ಸಿಲಿಂಡರಿನ ತಿರುಪು ಮುಚ್ಚಿ, ಬಾಗಿಲು ಹಾರುಹೊಡೆದು ಬಂದೆ. ಮಂಜು ಕವಿದ ಹುಲ್ಲಿನ ಮೇಲೆ ಕುಸಿದು ಕೂತೆ. ಆ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಳ್ಳುತ್ತದೆ. ನೆಗಡಿಯಿಂದ ಮೂಗು ಕಟ್ಟಿದ್ದ ಅತ್ತೆ ಅದರ ನಡುವೆಯೇ ಕೂತಿದ್ದರು, ಬಾವಿಯೊಳಗೆ ಇಳಿದು ಕೂತ ಹಾಗೆ. ನಟ್ಟಿನಿಂದ ಸೋರಿದೆ, ಇನ್ನೊಂದು ಕ್ಷಣವಾಗಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ ಎಂದು ತೊದಲುತ್ತಾ ಹೇಳಿದೆ.

ಅತ್ತೆ ಚಳಿಗೆ ನಡುಗುತ್ತಿದ್ದರು. ನನ್ನ ಸ್ವೆಟರ್ ಬಿಚ್ಚಿ ಹೊದಿಸಿದೆ, ಬೇಡವೆನ್ನಲಿಲ್ಲ. ಆಮೇಲೆ ಹೇಳಿದರು, “ಅವನಿಗೆ ಹೇಳ್ಬೇಡ ಕಣೆ. ನಾನೇ ಮುಟ್ಟಿ ತಿರುಗಿಸಿದೆ ಅಂತ ಹೇಳ್ತೀನಿ.”

ಸಾವು ಬಾಗಿಲಿಗೆ ಬಂದು ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಇವರು ಆಸ್ಪತ್ರೆಯಿಂದ ಬಂದರು. ಅತ್ತೆ ಹೇಳಿದಂತೆಯೇ ಹೇಳಿದರು. ಇವರು ನಂಬಿಯೂ ಬಿಟ್ಟರು! “ಗೊತ್ತಿಲ್ಲದ್ದಕ್ಕೆ ಯಾಕಮ್ಮ ಕೈ ಹಾಕ್ತೀಯ? ಇದೇನು ನಿನ್ನ ಅಡುಗೆಮನೆ ಒಲೇನಾ?” ಎಂದು ರೇಗಿದರು. ಅತ್ತೆ ತಲೆತಗ್ಗಿಸಿ, “ತಪ್ಪಾಯ್ತಪ್ಪ” ಎಂದರು. ನನಗೆ ಮೈಯೆಲ್ಲ ಉರಿಯಿತು.

“ಅವರು ಅದರ ಹತ್ತಿರಾನೂ ಹೋಗಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟು ಹೋಗಿದ್ದು ನೀವು” ಎಂದೆ.

ಇವರು ಆ ಕೋಣೆಗೆ ಹೋಗಿ ನಟ್ಟು ಹಿಡಿದು ನೋಡಿದರು. ಎರಡು ಬೆರಳಿಗೇ ತಿರುಗಿತು. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳತೊಡಗಿದರು.

ನಾನು ಅಡುಗೆಮನೆಗೆ ಬಂದೆ. ಅತ್ತೆ ಹಿಂದೆಯೇ ಬಂದರು. ಪ್ರಾಣ ಉಳಿಸಿದಳಲ್ಲ, ಏನಾದರೂ ಹೇಳಿಯಾರು ಎಂದುಕೊಂಡೆ. ಅವರ ಕಣ್ಣಿನಲ್ಲಿದ್ದದ್ದು ಬರೀ ಸಿಟ್ಟು.

“ಯಾಕೆ ಹೇಳ್ದೆ ಅವನಿಗೆ? ನಾಳೆ ಬೆಳಿಗ್ಗೆ ಯಾರದೋ ಅಮ್ಮನಿಗೆ ಅವನು ಇಂಜೆಕ್ಷನ್ ಕೊಡಬೇಕು. ಕೈ ನಡುಗಿದ್ರೆ ಏನ್ಮಾಡ್ತೀಯೆ?”