ದಿಬ್ಬದ ಮೇಲೆ ನಿಂತ ಟ್ರೇಲರ್

ಆ ಟ್ರೇಲರ್ ಹಿಂದಕ್ಕೆ ಉರುಳಿತೋ ಇಲ್ಲವೋ, ಆ ಸಂಜೆ ಖಚಿತವಾಗಿ ಹೇಳಲಾರದೆ ಹೋದೆ. ಉರುಳಿದ್ದನ್ನು ನಾನು ಕಂಡೆ. ಉರುಳಲೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಹೆದರಿದವನ ಕಣ್ಣನ್ನು ನಂಬಬಾರದೆಂದು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ತರಗತಿಯಲ್ಲಿ ಕಲಿತು ಬಂದವನು ನಾನು. ಅವಳೊಂದಿಗೆ ವಾದಕ್ಕಿಳಿಯುವ ಧೈರ್ಯವೂ ಆಗಲಿಲ್ಲ.

ಜಮಖಂಡಿಯಿಂದ ಕೆರೆ ದಂಡೆಯ ಉದ್ಯಾನಕ್ಕೆ ಹೋಗುವ ಹೆದ್ದಾರಿ ಉದ್ದದ್ದೇನಲ್ಲ. ಊರು ದಾಟಿದರೆ ಎರಡೂ ಕಡೆ ಕಬ್ಬು, ನಡುವೆ ಒಂದು ದಿಬ್ಬ, ಅದನ್ನಿಳಿದರೆ ನೀರು. ಆ ಭಾನುವಾರ ಸಂಜೆ ಮಗಳನ್ನು ಜೋಕಾಲಿ ಆಡಿಸಲೆಂದು ಮೂವರೂ ಬೈಕಿನಲ್ಲಿ ಹೊರಟಿದ್ದೆವು. ದಿಬ್ಬದ ಅರ್ಧಕ್ಕೆ, ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರ್ ಏರಲಾರದೆ ನಿಂತಿತ್ತು. ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಏಳದಂತೆ ಕಬ್ಬು ಕಡಿಯುವ ಇಬ್ಬರು ಇಂಜಿನ್ನಿನ ಮೂತಿಯ ಮೇಲೆ ಹತ್ತಿ ಕುಳಿತಿದ್ದರು. ಹಿಂದಿನ ಟ್ರೇಲರ್ ಉರುಳದಂತೆ ಅದರ ಗಾಲಿಗೆ ಕಲ್ಲು ಕೊಟ್ಟಿದ್ದರು. ನಮ್ಮ ಕಡೆ ಇದಕ್ಕೆಲ್ಲ ಯಾರೂ ಹೆದರುವುದಿಲ್ಲ. ನಾವೂ ಅದರ ಹಿಂದೆ ಬೈಕ್ ನಿಲ್ಲಿಸಿ ಇಳಿದೆವು.

ಕಲ್ಲು ನೋಡಲು ಹಿಂದೆ ಬಂದ ಡ್ರೈವರ್ ನನ್ನನ್ನು ಕಂಡು ನಕ್ಕ. "ಸರ, ಮೂತಿ ಮ್ಯಾಲ ಇನ್ನೊಬ್ಬರು ಬೇಕಾಗ್ಯಾರ. ನಿಮ್ಮ ಹೊಟ್ಟಿ ಛಲೋ ಐತಿ, ಬರ್ರಿ."

"ಕರ್ಕೊಂಡ ಹೋಗ್ರಿ. ಮನ್ಯಾಗ ಕುಂತ ಕುಂತ ಬೆಳೆಸ್ಯಾರ," ಎಂದಳು ಹೆಂಡತಿ.

ಮಗಳ ಕಣ್ಣು ಕಬ್ಬಿನ ಮೇಲಿತ್ತು. ಡ್ರೈವರನೇ ಅಂದ: "ಹಿರಕೋಳವ್ವಾ ತಂಗಿ, ಅಷ್ಟರ ಭಾರ ಕಡಿಮಿ ಆಕೈತಿ."

ಟ್ರೇಲರಿನ ಹಿಂದಿನಿಂದ ಕಬ್ಬು ಹಿರಿದೇ ನಾವೆಲ್ಲ ಬೆಳೆದವರು. ಯಾರೂ ಅವಳನ್ನು ತಡೆಯಲಿಲ್ಲ. ಡ್ರೈವರ್ ಮುಂದೆ ಹೋದ. ಹಿಂದಿನಿಂದ ಬಸ್ಸು ಲಾರಿ ಬರುತ್ತಿದೆಯೇ ಎಂದು ಹೆಂಡತಿ ಕೆಳಗಿನ ರಸ್ತೆಯತ್ತ ತಿರುಗಿದಳು. ಇಂಜಿನ್ ಅಬ್ಬರಿಸಿತು. ಮಗಳು ಎರಡೂ ಕೈಯಿಂದ ಒಂದು ಕಬ್ಬನ್ನು ಜಗ್ಗುತ್ತಿದ್ದಳು. ಆಗ ಆ ಇಡೀ ಹೇರು ಅವಳ ಮೇಲೆ ಬಂತು.

ಬಾಯಿ ತೆರೆದದ್ದು ನೆನಪಿದೆ. ಕೂಗು ಹೊರಟಿತೋ ಇಲ್ಲವೋ ತಿಳಿಯದು. ಮುಂದಿನದು ಬರೀ ಖಾಲಿ. ಆಮೇಲೆ ರಸ್ತೆ ಪಕ್ಕದ ತಗ್ಗಿನಲ್ಲಿ ಅವಳ ರಟ್ಟೆ ನನ್ನ ಮುಷ್ಟಿಯಲ್ಲಿತ್ತು. ಟ್ರೇಲರ್ ಸುಮ್ಮನೆ ನಿಂತಿತ್ತು.

"ಯಾಕ್ರಿ ಹುಡುಗಿ ಕೈ ಹಂಗ ಜಗ್ಗೀರಿ? ಮುರೀತಿದ್ರಲ್ಲ!" ಎಂದಳು ಹೆಂಡತಿ.

"ಅದು ಹಿಂದ ಬಂತು."

"ಎಲ್ಲಿ ಬಂತ್ರಿ? ನಿಂತಲ್ಲೇ ಐತಿ. ಏನರ ಕಾಣ್ತಾವ ನಿಮಗ."

ಮಗಳಿಗೆ ಬೇರೆಯೇ ಚಿಂತೆ: "ಅಪ್ಪಾ, ಜೋಕಾಲಿಗೆ ಹೋಗೂದಿಲ್ಲೇನು?"

ಹೋದೆವು. ಉದ್ಯಾನದಲ್ಲಿ ಅವಳನ್ನು ತೂಗಲು ನನ್ನಿಂದಾಗಲಿಲ್ಲ. ಜೋಕಾಲಿ ನನ್ನತ್ತ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದೆ. ಟ್ರೇಲರ್ ಉರುಳಿರದಿದ್ದರೆ, ಮಗುವಿನ ರಟ್ಟೆ ಮುರಿಯುವಷ್ಟು ಜಗ್ಗಿಸಿದ ಈ ತಲೆಯ ಜೊತೆ ಹೇಗೆ ಬದುಕುವುದು? ಉರುಳಿದ್ದರೆ, ಅದನ್ನು ಯೋಚಿಸಲು ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ದಿಬ್ಬಕ್ಕೆ ಹೋದೆ. ಟ್ರ್ಯಾಕ್ಟರ್ ಇರಲಿಲ್ಲ. ಗಾಲಿಗೆ ಕೊಟ್ಟ ಕಲ್ಲನ್ನು ಇಲ್ಲಿ ಯಾರೂ ಎತ್ತಿ ಹಾಕುವುದಿಲ್ಲ. ಅದು ರಸ್ತೆಯಲ್ಲೇ ಬಿದ್ದಿತ್ತು. ಬಗ್ಗಿ ನೋಡಿದೆ, ಬೆರಳಿನಿಂದ ಮುಟ್ಟಿಯೂ ನೋಡಿದೆ. ಮೇಲಿನಿಂದ ಆ ಕಲ್ಲಿನ ತನಕ, ಡಾಂಬರಿನ ಮೇಲೆ, ಗಾಲಿಯ ಒತ್ತಿಗೆ ಅದು ಜಾರಿ ಬಂದ ಬಿಳಿ ಗೀರು ನನ್ನ ಒಂದು ಮಾರು ಉದ್ದ ಇತ್ತು.