ಚೀಟಿಯಲ್ಲಿ ಬರೆದ ನಿದ್ದೆ

ನನಗೆ ಮೂವತ್ತೊಂದು ವರ್ಷವಾಗಿದ್ದಾಗ, ನಾಲ್ಕನೇ ತರಗತಿಯ ಮಕ್ಕಳ ಮುಂದೆ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗುತ್ತಿದ್ದೆ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಸಾಲೆ ಅದು. ಮಕ್ಕಳು ಒಳ್ಳೆಯವು. ನನ್ನ ತಲೆ ವಾಲಿತೆಂದರೆ ಮಗ್ಗಿ ಹೇಳುವ ದನಿಯನ್ನು ತಾವಾಗಿಯೇ ಇಳಿಸುತ್ತಿದ್ದವು. "ಅಕ್ಕೋರು ಮಲಗ್ಯಾರ, ಗದ್ದಲ ಮಾಡಬ್ಯಾಡ್ರಿ" ಎಂದು ಒಂದು ಹುಡುಗಿ ಪಿಸುಗುಡುವುದು ನಿದ್ದೆಯಲ್ಲೂ ನನ್ನ ಕಿವಿಗೆ ಬೀಳುತ್ತಿತ್ತು. ನಾಚಿಕೆಯಾಗುತ್ತಿತ್ತು, ಆದರೆ ಕಣ್ಣು ತೆರೆಯುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮನೆ ಕುಷ್ಟಗಿಯಲ್ಲಿ. ನಮ್ಮ ಓಣಿಯ ನಳಕ್ಕೆ ನೀರು ಬರುತ್ತಿದ್ದದ್ದು ನಸುಕಿನ ಮೂರಕ್ಕೆ, ಅದೂ ಒಂದೇ ತಾಸು. ಎರಡೂವರೆಗೇ ಎದ್ದು ಪಾಳಿಗೆ ಕೊಡ ಇಡಬೇಕು. ನೀರು ತುಂಬಿದ ಮೇಲೆ ಆರು ಜನರಿಗೆ ರೊಟ್ಟಿ ಬಡಿದು, ಆರೂವರೆಯ ಬಸ್ಸು ಹಿಡಿಯಬೇಕು. ಸಂಜೆ ಬಂದು ಮತ್ತೆ ಒಲೆ, ಮುಸುರೆ. ನೆಲಕ್ಕೆ ಬೆನ್ನು ತಾಗುವಾಗ ಹನ್ನೊಂದು ದಾಟಿರುತ್ತಿತ್ತು. ಮಾವ, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮೈದುನರಿಬ್ಬರು, ಇವರಿಗೆ ನಳ ಓಣಿಯ ಯಾವ ಕಡೆ ಇದೆಯೆಂಬುದಾದರೂ ಗೊತ್ತಿತ್ತೋ ಇಲ್ಲವೋ. "ನಮ್ಮ ಸೊಸಿಗಿ ನಿದ್ದೀನ ಬೇಕಾಗಂಗಿಲ್ಲ ನೋಡ್ರಿ" ಎಂದು ಅತ್ತೆ ನೆರೆಮನೆಯವರ ಮುಂದೆ ಹೇಳುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ. ದಡ್ಡಿ. ಉಬ್ಬಿದ್ದಕ್ಕಾಗಿಯೇ ರವಿವಾರ ಮಧ್ಯಾಹ್ನವೂ ಮಲಗುವಂತಿರಲಿಲ್ಲ.

ಮೈ ಎಷ್ಟು ದಿನ ಸುಮ್ಮನಿದ್ದೀತು? ಮೊದಲು ತಲೆಶೂಲೆ ಬಂತು. ಆಮೇಲೆ ಎದೆ ಹೊಡೆದುಕೊಳ್ಳುವುದು, ಪಾದ ಬಾಯುವುದು, ಉಂಡದ್ದು ಎದೆಗೇ ನಿಲ್ಲುವುದು. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಮದ್ದು ಇತ್ತು. ಹಣೆಗೆ ಶುಂಠಿ ಹಚ್ಚಿದರು, ಜೀರಿಗೆ ನೀರು ಕುಡಿಸಿದರು, ತೋಳಿಗೆ ದಾರವನ್ನೂ ಕಟ್ಟಿಸಿದರು. ಕೊಡವನ್ನು ಮಾತ್ರ ಯಾರೂ ನನ್ನ ಸೊಂಟದಿಂದ ಇಳಿಸಲಿಲ್ಲ. ಕೊನೆಗೆ ಒಂದು ದಿನ ಭಾಗಾಕಾರ ಬರೆಯುತ್ತಾ ಹಲಗೆಯ ಬುಡದಲ್ಲೇ ಬಿದ್ದೆ. ಮಕ್ಕಳು ಮುಖಕ್ಕೆ ನೀರು ಚಿಮುಕಿಸಿ ಅಳುತ್ತಿದ್ದವು.

ಅತ್ತೆಯೇ ನನ್ನನ್ನು ಕೊಪ್ಪಳದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎರಡೆರಡು ಸಲ ಬಿ.ಪಿ. ನೋಡಿದರು.

"ಅಕ್ಕೋರ, ರಾತ್ರಿ ಎಷ್ಟು ತಾಸು ಮಲಗತೀರಿ?"

"ಮಲಗತಾಳ್ರಿ, ಎಲ್ಲಾರಂಗ" ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

ನಾನು ತಡೆಯಲಾರದೆ ಎಲ್ಲ ಹೇಳಿದೆ. ನಳ, ರೊಟ್ಟಿ, ಬಸ್ಸು. ಡಾಕ್ಟರು ಅತ್ತೆಯ ಕಡೆ ತಿರುಗಿ, "ಈ ವಯಸ್ಸಿಗಿ ಇಷ್ಟು ಬಿ.ಪಿ. ಇರಬಾರದವ್ವಾ. ಹಿಂಗ ನಡದ್ರ ಒಂದಿನ ಕೈಯೋ ಕಾಲೋ ಬಿದ್ದು ಹೋಗತಾವ" ಎಂದರು. ಒಂದು ಚೀಟಿ ಬರೆದು ಅವರ ಕೈಗೇ ಕೊಟ್ಟು, "ತಪ್ಪಸಬ್ಯಾಡ್ರಿ" ಎಂದರು.

ನನಗೆ ತಲೆ ಸುತ್ತುತ್ತಿತ್ತು. ಔಷಧದ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅತ್ತೆ ಚೀಟಿ ಚಾಚಿದರು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯವ್ವಾ, ಇದು ನಮ್ಮಲ್ಲಿ ಸಿಗಂಗಿಲ್ರಿ."

"ಮತ್ತ ಎಲ್ಲಿ ಸಿಗತೈತಿ? ಹುಬ್ಬಳ್ಳಿಗಿ ಹೋಗಬೇಕೇನು?"

"ಹುಬ್ಬಳ್ಳ್ಯಾಗೂ ಇಲ್ಲ. ನಿಮ್ಮ ಮನ್ಯಾಗ ಐತಿ. ರಾತ್ರಿ ಎಂಟು ತಾಸು ನಿದ್ದಿ, ಅಷ್ಟ ಬರದಾರ."

ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಚೀಟಿಯನ್ನು ಮಡಚಿ ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡರು. ಕುಷ್ಟಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತರು. ಸಿಟ್ಟು ಬಂದಿದೆ ಎಂದುಕೊಂಡೆ. "ಏನಂದ್ರು ಡಾಕ್ಟರು?" ಎಂದು ನನ್ನ ಗಂಡ ಕೇಳಿದ್ದಕ್ಕೆ, "ಔಷಧ ಕೊಟ್ಟಾರ" ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ನಸುಕಿನಲ್ಲಿ ಕೊಡದ ಸದ್ದಾಯಿತು. ನಾನಿನ್ನೂ ಎದ್ದಿರಲಿಲ್ಲ. ಅತ್ತೆ ಎದ್ದಿದ್ದರು. ನಾನು ಎದ್ದು ಅವರ ಕೈಯಿಂದ ಕೊಡ ಇಸಿದುಕೊಳ್ಳಬೇಕಿತ್ತು. ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ.

ಆ ನಿದ್ದೆಯ ಸುಖವನ್ನು ಹೇಗೆ ಹೇಳಲಿ! ತವರುಮನೆಯಲ್ಲೂ ಹಾಗೆ ಮಲಗಿದವಳಲ್ಲ. ನಾಲ್ಕೈದು ತಿಂಗಳಲ್ಲಿ ತಲೆಶೂಲೆ ಹೋಯಿತು, ಪಾದದ ಬಾವು ಇಳಿಯಿತು. ಬಿ.ಪಿ. ನೋಡಿ ಡಾಕ್ಟರು ಖುಷಿಪಟ್ಟರು. ಸಾಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಗ್ಗಿ ಕೇಳತೊಡಗಿದೆ. ಮಕ್ಕಳಿಗೆ ಸ್ವಲ್ಪ ಬೇಸರವಾಗಿರಬೇಕು.

ನಾನು ಸೊಸೆಯಾಗಿ ಬರುವ ಮುಂಚೆ ಇಪ್ಪತ್ತೈದು ವರ್ಷ ಅವರೇ ನೀರು ಹೊತ್ತಿದ್ದರಲ್ಲ, ರೂಢಿ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆಗ ಅವರಿಗೆ ಅರವತ್ತರ ಹತ್ತಿರ. ಒಲೆಯ ಮುಂದೆ ಕೂತಲ್ಲೇ ತೂಕಡಿಸತೊಡಗಿದರು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. "ತಲಿ ಭಾಳ ನೋಯತೈತಿ" ಎಂದು ಹಣೆಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದರು. ಅದು ಯಾವ ತಲೆನೋವು ಎಂದು ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕೊಡ ತಿರುಗಿ ನನ್ನ ಸೊಂಟಕ್ಕೇ ಬರುತ್ತಿತ್ತು. ಶುಂಠಿ ತೇಯ್ದು ಕೊಟ್ಟೆ.

ಎರಡನೇ ಬೇಸಿಗೆಯಲ್ಲಿ ಅತ್ತೆ ನಳದ ಹತ್ತಿರವೇ ಬಿದ್ದರು. ಓಣಿಯ ಹೆಂಗಸರು ಎತ್ತಿಕೊಂಡು ಬಂದರು. ಎಡಗೈ ಎತ್ತಲು ಬರುತ್ತಿರಲಿಲ್ಲ, ಬಾಯಿ ಸೊಟ್ಟಗಾಗಿತ್ತು. ಕೊಪ್ಪಳದಲ್ಲಿ ಅದೇ ಡಾಕ್ಟರು.

"ಇವರು ರಾತ್ರಿ ಎಷ್ಟು ತಾಸು ಮಲಗತಿದ್ರು ಅಕ್ಕೋರ?"

ನನ್ನ ಗಂಡನೂ ಮಾವನೂ ಪಕ್ಕದಲ್ಲೇ ನಿಂತಿದ್ದರು. "ಮಲಗತಿದ್ರು ರೀ, ಎಲ್ಲಾರಂಗ" ಎಂದೆ.

ಮಂಚದ ಮೇಲಿನಿಂದ ಅತ್ತೆ ನನ್ನನ್ನೇ ನೋಡಿದರು. ಅವರು ನನ್ನ ಹಾಗೆ ತಡೆಯಲಾರದೆ ಏನನ್ನೂ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಅವರನ್ನು ಮನೆಗೆ ಕರೆತಂದೆವು. ಮರುದಿನ ನಸುಕಿನಲ್ಲಿ ನಾನು ಎದ್ದಾಗ ಪಡಸಾಲೆಯಲ್ಲಿ ನನ್ನ ಗಂಡ ಕೊಡ ಹಿಡಿದು ನಿಂತಿದ್ದರು. ಹನ್ನೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಾಸಿಗೆಯಿಂದ ಅತ್ತೆ ಸೊಟ್ಟ ಬಾಯಲ್ಲೇ, ಒಂದೊಂದೇ ಅಕ್ಷರ ಕೂಡಿಸಿ ನನಗೆ ಹೇಳಿದರು: "ಅವನ ನಿದ್ದಿ ಕೆಡಸಬ್ಯಾಡವಾ."

ನನ್ನ ಗಂಡ ನನ್ನ ಮುಖ ನೋಡಿದರು. ಒಲ್ಲೆ ಎನ್ನಬಹುದಿತ್ತು ನಾನು, ಕೊಡ ಬಿಡುವುದಿಲ್ಲ ಎಂದು ಅವರೂ ಎನ್ನಬಹುದಿತ್ತು. ಅವರ ಕೈಯಿಂದ ಕೊಡ ಇಸಿದುಕೊಂಡೆ. ನಾನು ಹೊಸ್ತಿಲು ದಾಟುವುದರೊಳಗೆ ಅವರ ಗೊರಕೆ ಕೇಳಿಸಿತು.

ವರ್ಷ ಕಳೆಯುವುದರೊಳಗೆ ನನಗೂ ಬಿ.ಪಿ. ಗುಳಿಗೆ ಶುರುವಾದವು. ಅತ್ತೆ ಇರುವವರೆಗೂ ನಮ್ಮಿಬ್ಬರ ಗುಳಿಗೆ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು.