ಹುಳಿ ಹಾಕಿ ತಿಕ್ಕಿದ ಯುವರಾಜ

ಗಲ್ಫಿನ ರುಸೈಲ್‌ನ ನಮ್ಮ ಕಾರ್ಖಾನೆಯಲ್ಲಿ ಮ್ಯಾನೇಜರ್ ಕುರ್ಚಿ ಖಾಲಿಯಾದಾಗ ಅದು ನನಗೇ ಎಂದು ನಂಬಿದ್ದೆ. ಇಪ್ಪತ್ತು ವರ್ಷದ ಸರ್ವಿಸು, ನಂಬದೆ ಏನು ಮಾಡಲಿ? ಮತ್ರಾ ಬಂದರುಪೇಟೆಯ ಹಳೇ ವ್ಯಾಪಾರಿ ಮನೆತನದ ನಮ್ಮ ಸೇಠರು ಅಲ್ಲಿ ತಮ್ಮ ಮಗನನ್ನು ಕೂರಿಸಿದರು. ಲಂಡನ್ನಿನಲ್ಲಿ ಓದಿದ ಕೂಸು. ಅದು ವಿಮಾನ ಇಳಿಯುವ ಮೊದಲೇ ಕಂಪನಿಯ ಕ್ಯಾಲೆಂಡರಿನಲ್ಲಿ ಅದರ ಮುಖ ಅಚ್ಚಾಗಿತ್ತು. "ಕಂಪನಿಗೆ ಹೊಸ ರಕ್ತ ಬೇಕು," ಎಂದು ಸೇಠರು ನನ್ನನ್ನೇ ಕರೆದು ವಿವರಿಸಿದರು. ನನ್ನ ರಕ್ತದ ಎಕ್ಸ್‌ಪೈರಿ ಮುಗಿದಿತ್ತೇನೋ.

ಸೇಠರಿಗೆ ಹಳೇ ನಾಣ್ಯಗಳ ಹುಚ್ಚು. ಮಗನ ಕ್ಯಾಬಿನ್ನಿನ ಗೋಡೆಗೆಂದು ಪ್ರಾಚೀನ ರೋಮಿನ ಕಂಚಿನ ನಾಣ್ಯವೊಂದನ್ನು ಆರಿಸಿದರು. ಹಸಿರು ಕಿಲುಬು ಕಟ್ಟಿದ ಅದರಲ್ಲಿ ಮೀಸೆ ಮೂಡದ ಯುವರಾಜನೊಬ್ಬ ಕವಚ ತೊಟ್ಟು ಮುಖ ಬಿಗಿದುಕೊಂಡಿದ್ದ. ಆ ಚಕ್ರವರ್ತಿಗಳು ಮಗ ಪಟ್ಟಕ್ಕೆ ಬರುವ ಮೊದಲೇ ಅವನ ಮುಖವನ್ನು ಹೀಗೆ ಊರೂರಿಗೆ ಹಂಚುತ್ತಿದ್ದರಂತೆ. ಪಾಪ, ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಸುವ ಅನುಕೂಲ ಅವರಿಗಿರಲಿಲ್ಲ. ನಾಣ್ಯಕ್ಕೆ ಫ್ರೇಮ್ ಹಾಕಿಸುವ ಘನಕಾರ್ಯ ನನ್ನ ಪಾಲಿಗೆ ಬಂತು.

ಗುರುವಾರ ಸಂಜೆ ಅದನ್ನು ಬೌಷರ್‌ನ ನಮ್ಮ ಫ್ಲ್ಯಾಟಿಗೆ ತಂದು, ಭದ್ರವಾಗಿರಲಿ ಎಂದು ದೇವರ ಸ್ಟ್ಯಾಂಡಿನಲ್ಲಿಟ್ಟೆ. ಮರುದಿನ ಲಕ್ಷ್ಮೀಪೂಜೆ. ಬೆಳಿಗ್ಗೆ ನೋಡಿದರೆ ದೀಪ, ಗಂಟೆ, ಹರಿವಾಣದ ಜೊತೆ ಯುವರಾಜನೂ ಫಳಫಳ ಹೊಳೆಯುತ್ತಿದ್ದಾನೆ!

"ಇದೆಂತ ಮಾಡಿದ್ದು ಮಾರಾಯ್ತಿ?"

"ಹುಣಸೆಹುಳಿ ಹಾಕಿ ತಿಕ್ಕಿದೆ," ಎಂದಳು ಹೆಂಡತಿ. "ಕಿಲುಬು ಹಿಡಿದದ್ದನ್ನು ಲಕ್ಷ್ಮಿಯ ಎದುರು ಇಡ್ಲಿಕ್ಕುಂಟಾ?" ಯುವರಾಜನ ಹಣೆಗೆ ಕುಂಕುಮವನ್ನೂ ಹಚ್ಚಿದ್ದಳು.

ಕುರ್ಚಿ ಹಾಗಿರಲಿ, ಇನ್ನು ಕೆಲಸವೂ ಉಳಿಯುವುದಿಲ್ಲ ಎಂದುಕೊಂಡೆ.

ಶುಕ್ರ, ಶನಿ ಇಲ್ಲಿ ರಜೆ; ಭಾನುವಾರ ಆಫೀಸಿನಲ್ಲಿ ಡಬ್ಬಿ ತೆರೆದು ತೋರಿಸಿದಾಗ ಸೇಠರು ತಲೆಯ ಮೇಲೆ ಕೈ ಹೊತ್ತರು. "ಖಲಾಸ್! ಆ ಹಸಿರೇ ಇದರ ವಯಸ್ಸು. ಹಳತಾದಷ್ಟೂ ಬೆಲೆ. ಅಷ್ಟೂ ಗೊತ್ತಾಗಲಿಲ್ಲವಾ ನಿಮಗೆ?" ಎಂದು ಹಿಂದಿಯಲ್ಲಿ ಕಿರುಚಿದರು.

ಮಗ ಪಕ್ಕದಿಂದ ಇಣುಕಿದ. "ನೈಸ್, ಡ್ಯಾಡ್! ಈಗ ಹೊಸದರ ಹಾಗಿದೆ."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಾಗಲಿಲ್ಲ ಸೇಠ್," ಎಂದೆ. "ಹಳತಕ್ಕೆ ಬೆಲೆ ಉಂಟು ಅಂತ ಈ ಆಫೀಸಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ."

ಸೇಠರು ಡಬ್ಬಿ ಮುಚ್ಚಿ ಮಗನ ಕೈಗಿಟ್ಟರು. ನನ್ನ ಕೆಲಸ ಉಳಿಯಿತು. ಕುರ್ಚಿ ಮಗನಿಗೇ ಉಳಿಯಿತು. ಯುವರಾಜ ಈಗ ಅವನ ಗೋಡೆಯ ಮೇಲೆ ಹೊಚ್ಚಹೊಸದಾಗಿ ಹೊಳೆಯುತ್ತಾನೆ. ಆ ಕ್ಯಾಬಿನ್ನಿನಲ್ಲಿ ಮೀಟಿಂಗ್ ಇದ್ದಾಗಲೆಲ್ಲ ಸೇಠರು ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ, ಆಗ ಅವರ ಎದುರಿಗೆ ಸಿಗುವುದು ನನ್ನ ಮುಖ.